ಎತ್ತಿಟ್ಟ ಹಲ್ಲು

ಸಂತೋಷ ಬಂದರೆ ಕೆಲವರು ಹಾಡಿಕೊಳ್ಳುತ್ತಾರೆ, ಕೆಲವರು ಬೀದಿಗೆಲ್ಲ ಸಿಹಿ ಹಂಚುತ್ತಾರೆ. ನಾನು ಎತ್ತಿಡುತ್ತೇನೆ. ಇದು ನನ್ನ ಗುಣ. ಮಗಳು ಹಬ್ಬಕ್ಕೆ ಸ್ಟೀಲ್ ಡಬ್ಬಿ ತಂದುಕೊಟ್ಟರೆ ಅದರ ಮೇಲಿನ ಚೀಟಿ ಕೀಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಫ್ರಿಡ್ಜು ಬಂದು ಎಷ್ಟೋ ವರ್ಷವಾಯಿತು, ಬಾಗಿಲಿನ ಹಿಡಿಗೆ ಸುತ್ತಿ ಬಂದಿದ್ದ ಪ್ಲಾಸ್ಟಿಕ್ಕು ಹಾಗೇ ಇದೆ. ಹರಿದ ಕಡೆ ನಾನೇ ಟೇಪು ಅಂಟಿಸಿದ್ದೇನೆ. ಟಿವಿ ರಿಮೋಟಿಗೆ ಒಂದು ಕವರು, ಕವರು ಕೊಳೆಯಾಗಬಾರದೆಂದು ಅದರ ಮೇಲೊಂದು ಕರ್ಚೀಫು. ಎರಡನ್ನೂ ಬಿಚ್ಚಿ ಗುಂಡಿ ಒತ್ತುವ ಹೊತ್ತಿಗೆ ವಾರ್ತೆ ಮುಗಿದಿರುತ್ತದೆ. "ನಿನ್ನ ಕೈಗೆ ಚಂದ್ರ ಸಿಕ್ಕಿದ್ರೆ ಯುಗಾದಿಗೆ ಒಂದ್ಸಲ ಹೊರಗೆ ತೆಗೀತಿದ್ದೆ ಕಣೇ" ಎಂದು ನಮ್ಮ ಯಜಮಾನರು ಹಂಗಿಸುತ್ತಾರೆ. ನಾನು ಬೇಜಾರು ಮಾಡಿಕೊಳ್ಳುವುದಿಲ್ಲ. ದಿನಾ ಹೊರಗೆ ಬಿಟ್ಟು ಬಿಟ್ಟು ಚಂದ್ರ ಹೇಗೆ ಸವೆದುಹೋಗುತ್ತಾನೆ ನೋಡಿಲ್ಲವೇ, ಎಂದು ಮನಸ್ಸಿನಲ್ಲೇ ಅಂದುಕೊಳ್ಳುತ್ತೇನೆ.

ಈ ಗುಣ ಗಾಳಿಯಲ್ಲಿ ಬಂದದ್ದಲ್ಲ. ನಾವು ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ಬಿಚ್ಚಿಕೊಂಡು ಬಂದವರು. ಬಿಸಿನೀರಿನಲ್ಲಿ ಗೂಡುಗಳು ಬಿಳೀ ಬಾತುಮರಿಗಳ ಹಾಗೆ ತೇಲಾಡುತ್ತಿರುತ್ತವೆ. ಬೆರಳಾಡಿಸಿ ಎಳೆಯ ತುದಿ ಹುಡುಕಬೇಕು. ಸಿಕ್ಕಿತೋ, ಬರುತ್ತದೆ ಬರುತ್ತದೆ, ಮುಗಿಯುವುದೇ ಇಲ್ಲವೇನೋ ಎನ್ನುವ ಹಾಗೆ ಬರುತ್ತಲೇ ಇರುತ್ತದೆ. ಎಳೆ ಬರುವಾಗ ಮನಸ್ಸು ಎಲ್ಲೆಲ್ಲಿಗೋ ಹೋಗಿ ಬರುತ್ತಿತ್ತು, ಕೈ ಮಾತ್ರ ಅಲ್ಲೇ ಇರುತ್ತಿತ್ತು. ಮದುವೆಯಾಗಿ ಬಂದಂದಿನಿಂದ ನನ್ನ ಬೆರಳ ಸಂದಿಯಲ್ಲಿ ಹಾದುಹೋದ ಎಳೆಯನ್ನೆಲ್ಲ ಕೂಡಿಟ್ಟಿದ್ದರೆ ನಂದಿ ಬೆಟ್ಟಕ್ಕೆ ಒಂದು ಸೀರೆ ಉಡಿಸಬಹುದಿತ್ತು. ಉಟ್ಟದ್ದು ಮಾತ್ರ ಎರಡೇ ರೇಷ್ಮೆ ಸೀರೆ. ಒಂದು ನನ್ನ ಧಾರೆಯದು, ಇನ್ನೊಂದು ಮಗಳ ಧಾರೆಯದು. ಎರಡೂ ಹಳೇ ಬಿಳೀ ಪಂಚೆಯಲ್ಲಿ ಸುತ್ತಿಕೊಂಡು ಟ್ರಂಕಿನ ತಳದಲ್ಲಿ ಮಲಗಿವೆ. ರೇಷ್ಮೆ ಎಂದರೆ ನೆರಳಲ್ಲಿ ಒಣಗಿಸಿ, ಮಡಿಸಿ, ಎತ್ತಿಡುವ ವಸ್ತು ಎಂದು ನನ್ನ ಕೈಗೆ ರೂಢಿಯಾಗಿಬಿಟ್ಟಿದೆ. ಈ ಮಾತನ್ನು ಮೊದಲೇ ಹೇಳಿದ್ದು ಯಾಕೆಂದರೆ ಮುಂದೆ ನಡೆದ ಅವಾಂತರಕ್ಕೆಲ್ಲ ಇದೇ ಮೂಲ.

ಈಗ ಹಲ್ಲಿನ ವಿಷಯಕ್ಕೆ ಬರುತ್ತೇನೆ. ನನ್ನ ಹಲ್ಲುಗಳು ಮದುವೆ ಮನೆಯಿಂದ ನೆಂಟರು ಹೊರಡುವ ಹಾಗೆ ಒಂದೊಂದಾಗಿ ಹೇಳಿಯೂ ಹೇಳದೆಯೂ ಹೊರಟುಹೋದವು. ನನಗೆ ಅಷ್ಟೇನೂ ದುಃಖವಾಗಲಿಲ್ಲ. ನಮ್ಮ ಕಡೆ ಊಟ ಎಂದರೆ ರಾಗಿಮುದ್ದೆ, ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಅಗಿಯುವುದನ್ನು ನೋಡಿದರೆ ಇವರು ಬೇರೆ ಊರಿನವರು ಎಂದು ಗೊತ್ತಾಗಿಬಿಡುತ್ತದೆ. ಹೀಗಾಗಿ ಬೊಚ್ಚು ಬಾಯಿಯಲ್ಲೇ ನಾನು ಸುಖವಾಗಿದ್ದೆ. ಒಂದು ಸಲ ಹಲ್ಲಿನ ಸೆಟ್ ಕಟ್ಟಿಸಿಯೂ ಆಗಿತ್ತು. ಮೇಲಿನದು ನೆಟ್ಟಗಿತ್ತು, ಕೆಳಗಿನದು ಮಾತಾಡಿದರೆ ಕುಣಿಯುತ್ತಿತ್ತು, ಕಚ್ಚಿದರೆ ಒಸಡನ್ನು ಕೊಯ್ಯುತ್ತಿತ್ತು. ಅದನ್ನೂ ಎತ್ತಿಟ್ಟೆ.

ಚೈತ್ರ ನನ್ನ ಮಗಳ ಮಗಳು. ಚಿಕ್ಕಬಳ್ಳಾಪುರದ ಕಡೆಯ ಒಂದು ಕಾಲೇಜಿನಲ್ಲಿ ಸಂಶೋಧನೆ ಮಾಡುತ್ತಾಳೆ. ಅವಳು ಏನು ಓದಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಳಿಸಿದವಳು ಸರಿಯಾಗಿ ಹೇಳಲಾರೆ. ಡಾಕ್ಟರಲ್ಲ, ಆದರೆ ಡಾಕ್ಟರುಗಳು ಬಳಸುವ ಸಾಮಾನು ಮಾಡುತ್ತಾಳೆ. ಇಂಜಿನಿಯರು, ಆದರೆ ಸೇತುವೆ ಕಟ್ಟುವುದಿಲ್ಲ, ಬಾಯಿಯೊಳಗೆ ಕಟ್ಟುತ್ತಾಳೆ. ಹುಡುಗಿಯಾಗಿದ್ದಾಗ ರಜಕ್ಕೆ ಬಂದರೆ ನನ್ನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ನೂಲು ಬರುವುದನ್ನೇ ನೋಡುತ್ತಿದ್ದಳು. ದೊಡ್ಡವಳಾದ ಮೇಲೆ ಒಂದು ದಿನ ಬಂದು, ರೇಷ್ಮೆಗೂ ಮನುಷ್ಯರ ಮೈಗೂ ಒಳ್ಳೇ ಹೊಂದಾಣಿಕೆ ಇದೆ, ಗಾಯಕ್ಕೆ ಹೊಲಿಗೆ ಹಾಕುವುದಕ್ಕೆ ಡಾಕ್ಟರುಗಳು ಹಿಂದಿನಿಂದಲೂ ರೇಷ್ಮೆ ಎಳೆ ಬಳಸುತ್ತಾರೆ, ನಾನು ಅದನ್ನು ಕರಗಿಸಿ ಒಸಡಿಗೆ ಮೆತ್ತೆ ಮಾಡುತ್ತೇನೆ ಎಂದಳು. ಕಟ್ಟಿದ ಹಲ್ಲಿನ ಅಡಿಯಲ್ಲಿ, ಒಸಡಿಗೆ ತಾಗುವ ಕಡೆ, ಆ ರೇಷ್ಮೆಯ ಮೆತ್ತೆ. ಮೆತ್ತೆಯ ಮೇಲೆ, ಹಲ್ಲಿನ ಒಳಗೆ, ಸಾಸಿವೆ ಕಾಳಿನಷ್ಟು ಸಣ್ಣ ಸೆನ್ಸರುಗಳು. ಅಗಿಯುವಾಗ ಎಲ್ಲೆಲ್ಲಿ ಎಷ್ಟೆಷ್ಟು ಭಾರ ಬೀಳುತ್ತದೆ ಎಂದು ಅವು ನೆನಪಿಟ್ಟುಕೊಳ್ಳುತ್ತವೆ. ರಾತ್ರಿ ಹಲ್ಲನ್ನು ಅದರ ಡಬ್ಬಿಯಲ್ಲಿಟ್ಟರೆ ದಿನದ ವರದಿಯೆಲ್ಲ ಇವಳ ಲ್ಯಾಪ್‌ಟಾಪಿಗೆ ಹೋಗುತ್ತದೆ. ಇದು ಗೆದ್ದರೆ ದವಡೆ ಸವೆದ ಮುದುಕ ಮುದುಕಿಯರಿಗೆಲ್ಲ ಕೊಯ್ಯದ ಹಲ್ಲು. ನನಗೆ ಅರ್ಥವಾದದ್ದು ಇಷ್ಟು, ಸಂತೋಷವಾದದ್ದು ಮಾತ್ರ ಇದಕ್ಕಿಂತ ಬಹಳ ಜಾಸ್ತಿ.

ಮೊದಲ ಸೆಟ್ಟನ್ನು ಯಾರ ಬಾಯಲ್ಲಿಟ್ಟು ನೋಡುವುದು ಎಂಬ ಪ್ರಶ್ನೆ ಬಂತು. ಆಮೇಲೆ ಬೇರೆ ಬೇರೆ ಊರಿನ ವಯಸ್ಸಾದವರಿಗೆ ಕೊಟ್ಟು ಲೆಕ್ಕ ಹಿಡಿಯುತ್ತಾರಂತೆ. ಇದು ಅದಕ್ಕೆ ಸೇರುವುದಿಲ್ಲ, ಸಾಮಾನು ಕೆಲಸ ಮಾಡುತ್ತದೋ ಇಲ್ಲವೋ ನೋಡುವುದಕ್ಕೆ ಮಾತ್ರ. ಚೈತ್ರನಿಗೆ ಇನ್ನೊಬ್ಬ ಅಜ್ಜಿ ಇದ್ದಾರೆ, ಗೌರಿಬಿದನೂರಿನವರು, ನನ್ನ ಬೀಗಿತ್ತಿ. ನನಗಿಂತ ಬೆಳ್ಳಗಿದ್ದಾರೆ, ಹತ್ತನೇ ಕ್ಲಾಸು ಓದಿದ್ದಾರೆ, ಅವರ ಹಲ್ಲಿನ ಸೆಟ್ ಸ್ಟೀಲ್ ಲೋಟದಲ್ಲಿ ಮುಳುಗಿಕೊಂಡು ಮದುವೆ ಮುಂಜಿಗೆ ಮಾತ್ರ ಎದ್ದು ಬರುತ್ತದೆ. ಇಬ್ಬರ ಬಾಯನ್ನೂ ನೋಡಿದರು. ಚೈತ್ರನ ಗೈಡು ಮೇಡಂ ಹಲ್ಲಿನ ಡಾಕ್ಟರು. ಅವರು ನನ್ನ ಕೆಳದವಡೆಯನ್ನು ಬೆರಳಲ್ಲಿ ಸವರಿ, ಇಷ್ಟು ಸವೆದು ಸಪಾಟಾಗಿರುವ ದವಡೆಯನ್ನು ಅಪರೂಪಕ್ಕೆ ನೋಡುತ್ತೇನೆ, ಇವರೇ ಇರಲಿ ಎಂದರು. ಜೀವಮಾನದಲ್ಲಿ ನಾನು ಬೀಗಿತ್ತಿಯನ್ನು ಗೆದ್ದದ್ದು ಇದೊಂದರಲ್ಲೇ. ನನ್ನ ದವಡೆ ಅವರದಕ್ಕಿಂತ ಕೆಟ್ಟಿದೆ ಎಂದು ನಾನು ಆ ವಾರವೆಲ್ಲ ಫೋನು ಮಾಡಿ ಮಾಡಿ ನೆಂಟರಿಗೆ ಹೇಳಿದೆ.

ಅಚ್ಚು ತೆಗೆಯುವ ದಿನ ಗುಲಾಬಿ ಬಣ್ಣದ ಹಿಟ್ಟಿನಂಥದನ್ನು ಬಾಯಿ ತುಂಬಾ ಒತ್ತಿ, ಅಲ್ಲಾಡಬೇಡಿ ಎಂದು ಹೇಳಿ, ಮೇಡಂ ಆಗಲೇ ನನ್ನ ಊರು, ತವರು, ಮಕ್ಕಳು ಎಲ್ಲ ವಿಚಾರಿಸಿದರು. ಹಲ್ಲಿನ ಡಾಕ್ಟರುಗಳೆಲ್ಲ ಹೀಗೇ ಏನೋ, ಬಾಯಿ ತುಂಬಿದಾಗಲೇ ಅವರಿಗೆ ನಮ್ಮ ಮೇಲೆ ಪ್ರೀತಿ ಬರುತ್ತದೆ. ನಾನು ಕಣ್ಣಲ್ಲೇ ಉತ್ತರ ಕೊಟ್ಟೆ. ಹಲ್ಲು ತಯಾರಾಗಿ ಬಾಯಿಗೆ ಕೂತ ದಿನ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದವರೆಗೆ ಬಸ್ಸಿನಲ್ಲಿ ನಗುತ್ತಲೇ ಬಂದೆ. ಕಂಡಕ್ಟರು ಚಿಲ್ಲರೆ ಇಲ್ಲ ಎಂದಾಗಲೂ ನಕ್ಕೆ. ಪಕ್ಕದಲ್ಲಿ ಕೂತ ಹೆಂಗಸಿಗೆ, ನನ್ನ ಮೊಮ್ಮಗಳು ಮಾಡಿದ್ದು, ಒಳಗೆ ರೇಷ್ಮೆ ಇದೆ ಎಂದು ಹೇಳಿದೆ. ಅವರು ಸ್ವಲ್ಪ ಸರಿದು ಕೂತರು. ಕಿಟಕಿಯಾಚೆ ದ್ರಾಕ್ಷಿ ತೋಟಗಳು ಓಡುತ್ತಿದ್ದವು, ನಾಲಿಗೆ ಹೋಗಿ ಹೋಗಿ ಹಲ್ಲನ್ನು ಮುಟ್ಟಿ ನೋಡುತ್ತಿತ್ತು. ಒಸಡಿಗೆ ತಾಗಿದ ಆ ಮೆತ್ತೆಯ ನಯ ಇದೆಯಲ್ಲ, ಅದು ನನಗೆ ಗೊತ್ತಿದ್ದ ನಯ. ಇಷ್ಟು ವರ್ಷ ಬೆರಳಿಗೆ ಮಾತ್ರ ಗೊತ್ತಿತ್ತು.

ಊಟ ಮಾಡುವಾಗ ತಪ್ಪದೆ ಹಾಕ್ಕೋ ಅಜ್ಜಿ ಎಂದು ಚೈತ್ರ ಹೇಳಿದ್ದಳು. ನಾನು ತಪ್ಪಲಿಲ್ಲ. ಹಲ್ಲು ಹಾಕಿಕೊಳ್ಳದೆ ಒಂದು ತುತ್ತೂ ಮುಟ್ಟಲಿಲ್ಲ. ಆದರೆ ಹಾಕಿಕೊಂಡ ಮೇಲೆ ಎದುರಿಗೆ ತಟ್ಟೆ ನೋಡಿದರೆ ಕೈ ಬರಲಿಲ್ಲ. ಮಗು ರಾತ್ರಿ ಹಗಲು ಕೂತು ಮಾಡಿದ ಹಲ್ಲು. ಅಡಿಯಲ್ಲಿ ರೇಷ್ಮೆ. ಇದರಲ್ಲಿ ಹೋಗಿ ನಾನು ಕೋಡುಬಳೆ ಕಡಿಯಲೇ? ಹುರಳಿಕಾಳು ಜಗಿಯಲೇ? ಧಾರೆ ಸೀರೆ ಉಟ್ಟುಕೊಂಡು ಗೂಡು ಬೇಯಿಸುವುದಕ್ಕೆ ಕೂತ ಹಾಗಾಗುತ್ತದೆ. ಮುದ್ದೆ ನುಂಗಿದೆ. ಚಪಾತಿಯನ್ನು ಹಾಲಲ್ಲಿ ನೆನೆಸಿ ನುಂಗಿದೆ. ಅನ್ನವನ್ನು ಚೆನ್ನಾಗಿ ಕಿವುಚಿ ನುಂಗಿದೆ. ತುತ್ತು ಹಲ್ಲಿಗೆ ಸೋಕದ ಹಾಗೆ ನಾಲಿಗೆಯ ನಡುವಿನಲ್ಲೇ ಒಳಕ್ಕೆ ಕಳಿಸುವ ಒಂದು ಹದ ಬಂದುಬಿಟ್ಟಿತು. ಊಟವಾದ ಮೇಲೆ ತೊಳೆದು ಕನ್ನಡಿಯಲ್ಲಿ ನೋಡಿಕೊಂಡರೆ ಒಂದು ಗೀರಿಲ್ಲ, ಒಂದು ಕಲೆಯಿಲ್ಲ. ಹೆಮ್ಮೆಯಾಗುತ್ತಿತ್ತು.

ಇನ್ನೊಂದು ವಿಷಯ ಹೇಳುತ್ತೇನೆ, ಇದಕ್ಕೂ ಹಲ್ಲಿಗೂ ಸಂಬಂಧವಿಲ್ಲವೆಂದೇ ಆಗ ಅಂದುಕೊಂಡಿದ್ದೆ. ಮಧ್ಯಾಹ್ನದ ಊಟವಾದ ಮೇಲೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಹಲ್ಲು ಬಾಯಲ್ಲಿ ಇದ್ದ ಹಾಗೇ ಒಂದು ಜೊಂಪು ತೆಗೆಯುವುದು ನನಗೆ ಅಭ್ಯಾಸವಾಯಿತು. ಆ ಹೊತ್ತಿಗೆ ಹೆಂಚಿನ ಸಂದಿಯಿಂದ ಒಂದು ಬಿಸಿಲುಕೋಲು ಇಳಿದು ಗೋಡೆಯ ಮೇಲೆ ನಿಧಾನವಾಗಿ ನಡೆಯುತ್ತದೆ. ಅದನ್ನು ನೋಡುತ್ತಾ ನೋಡುತ್ತಾ ಕಣ್ಣು ಮುಚ್ಚಿದರೆ ಚಿಂತಾಮಣಿ ಕಡೆಯ ನನ್ನ ತವರಿನ ಹಿತ್ತಲು. ಬಾವಿ ಪಕ್ಕದಲ್ಲಿ ಸೀಬೆ ಮರ. ನಾನು ಅದರ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದೇನೆ, ಲಂಗದ ಮಡಿಲ ತುಂಬಾ ದೋರುಗಾಯಿ ಸೀಬೆ. ಒಂದು ಕಚ್ಚಿದರೆ ಕಟಕ್ ಎನ್ನುತ್ತದೆ, ಒಳಗೆ ನಸುಗೆಂಪು, ಬೀಜ ಹಲ್ಲಿಗೆ ಸಿಕ್ಕಿ ಗರಗರ ಎನ್ನುತ್ತದೆ. ಮರದ ಕೆಳಗೆ ನಮ್ಮಮ್ಮ ನಿಂತು ತಲೆಯೆತ್ತಿ ನೋಡುತ್ತಾಳೆ. ನಮ್ಮಮ್ಮನಿಗೆ ತೆಲುಗೇ ಹೆಚ್ಚು. "ಮೆಲ್ಲಗಾ ತಿನವೇ, ಎವರೂ ಲಾಕ್ಕೋರು" ಎನ್ನುತ್ತಾಳೆ, ಮೆಲ್ಲಗೆ ತಿನ್ನೇ, ಯಾರೂ ಕಿತ್ತುಕೊಳ್ಳೋದಿಲ್ಲ ಎಂದು. ನಾನು ಮೆಲ್ಲಗೆ ತಿನ್ನುತ್ತೇನೆ. ಎಚ್ಚರವಾದಾಗ ಬಿಸಿಲುಕೋಲು ಗೋಡೆ ದಾಟಿ ಹೋಗಿರುತ್ತದೆ, ಬಾಯಲ್ಲಿ ಏನೂ ಇರುವುದಿಲ್ಲ, ಆದರೂ ಏನೋ ತಿಂದ ಹಾಗಿರುತ್ತದೆ. ಅಮ್ಮ ಹೋಗಿ ಎಷ್ಟೋ ಕಾಲವಾಯಿತು, ಇಷ್ಟು ಸಲ ಯಾವತ್ತೂ ಬಂದಿರಲಿಲ್ಲ. ಒಂದು ದಿನ ಬಂದವಳು ಮಾರನೇ ದಿನವೂ ಬಂದಳು, ಆಮೇಲೆ ನಾನೇ ಕಾಯತೊಡಗಿದೆ. ಇದನ್ನು ಯಾರಿಗೂ ಹೇಳಲಿಲ್ಲ. ಎತ್ತಿಡುವ ಗುಣ ಎಂದೆನಲ್ಲ.

ಹೀಗಿರುವಾಗ ಒಂದು ಭಾನುವಾರ ಚೈತ್ರ ಹೇಳದೆ ಕೇಳದೆ ಬಂದಳು. ಮುಖ ಬಾಡಿತ್ತು. ತಾತ ಕೊಟ್ಟ ನೀರು ಕುಡಿದು, ಹಲ್ಲು ಕೊಡು ಅಜ್ಜಿ ಎಂದಳು. ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಲ್ಯಾಪ್‌ಟಾಪು ತೆಗೆದು ನಮ್ಮಿಬ್ಬರಿಗೂ ತೋರಿಸಿದಳು. ಅದರಲ್ಲಿ ಒಂದು ಗೆರೆ. ಬೆಳಿಗ್ಗೆ ಊಟದ ಹೊತ್ತಿಗೆ ಗೆರೆ ಕೆರೆಯ ನೀರಿನ ಹಾಗೆ ಸಪಾಟು. ಮಧ್ಯಾಹ್ನದ ಊಟಕ್ಕೂ ಸಪಾಟು. ರಾತ್ರಿಯೂ ಅಷ್ಟೇ. ಆದರೆ ಮಧ್ಯಾಹ್ನ ಊಟವಾಗಿ ಸ್ವಲ್ಪ ಹೊತ್ತಿಗೆ, ಯಾರೂ ಏನೂ ತಿನ್ನದ ಹೊತ್ತಿನಲ್ಲಿ, ಗೆರೆ ಏಳುತ್ತದೆ, ಇಳಿಯುತ್ತದೆ, ಏಳುತ್ತದೆ. ಚಿಕ್ಕಬಳ್ಳಾಪುರದ ರಸ್ತೆಯಿಂದ ನೋಡಿದರೆ ಸ್ಕಂದಗಿರಿ, ನಂದಿ ಎಲ್ಲ ಸಾಲಾಗಿ ಕಾಣುತ್ತವಲ್ಲ, ಹಾಗೆ. ನನಗೆ ಚೆಂದವೆನಿಸಿತು. ಚೆನ್ನಾಗಿ ಬಂದಿದೆ ಕಣಮ್ಮ ಎಂದೆ.

ಅವಳಿಗೆ ಅಳು ಬಂದುಬಿಟ್ಟಿತು. ತಿನ್ನುವಾಗ ಸುಮ್ಮನಿದ್ದು, ಏನೂ ಇಲ್ಲದಾಗ ಸುಮ್ಮಸುಮ್ಮನೆ ಕುಣಿಯುವ ಸಾಮಾನನ್ನು ಯಾರು ನಂಬುತ್ತಾರೆ ಎಂದು ಕೇಳಿದಳು. ಮೆತ್ತೆ ಬಹಳ ಮೃದುವಾಯಿತು, ಬಿದ್ದ ಭಾರವನ್ನೆಲ್ಲ ರೇಷ್ಮೆಯೇ ನುಂಗಿಬಿಡುತ್ತಿದೆ, ಸೆನ್ಸರಿಗೆ ಏನೂ ತಲುಪುತ್ತಿಲ್ಲ ಎಂದು ಮೇಡಂ ಅಂದರಂತೆ. ಬರುವ ವಾರ ಎಲ್ಲರೂ ಕೂತು ತೀರ್ಮಾನ ಮಾಡುತ್ತಾರೆ. ಹೀಗೇ ಇದ್ದರೆ ರೇಷ್ಮೆಯನ್ನು ತೆಗೆದು ಮಾಮೂಲಿ ರಬ್ಬರು ಹಾಕಬೇಕಂತೆ. "ರೇಷ್ಮೆ ಹೋದ್ರೆ ನಂದು ಅಂತ ಅದರಲ್ಲಿ ಏನೂ ಉಳಿಯಲ್ಲ ಅಜ್ಜಿ" ಎಂದಳು. "ನಿನ್ನ ಪಕ್ಕ ಕೂತ್ಕೊಂಡು ನೋಡಿದ್ದೇ ನಾನು ಅದರಲ್ಲಿ ಹಾಕಿದ್ದು."

ನಾನು ಅವಳ ಬೆನ್ನು ಸವರಿದೆ. ಸಮಾಧಾನ ಮಾಡಬೇಕೆಂದು, ನಿನ್ನ ಹಲ್ಲಿನಲ್ಲಿ ಏನೂ ದೋಷವಿಲ್ಲ, ನೋಡು ಒಂದು ಗೀರೂ ಇಲ್ಲ ಎಂದೆ. ಅವಳು ಕಣ್ಣೊರೆಸಿಕೊಂಡು ಹಲ್ಲನ್ನು ಬೆಳಕಿಗೆ ಹಿಡಿದಳು.

"ಹೌದಲ್ಲ ಅಜ್ಜಿ. ಇದು ಹೊಸದರ ಥರಾನೇ ಇದೆ."

"ಹೊಸದರ ಥರಾನೇ ಇಟ್ಟಿದ್ದೀನಿ ಕಣಮ್ಮ" ಎಂದೆ ನಾನು, ಎದೆಯುಬ್ಬಿಸಿ.

ಅವಳು ನನ್ನ ಮುಖವನ್ನೇ ನೋಡಿದಳು. ನಮ್ಮ ಯಜಮಾನರು ಫ್ರಿಡ್ಜಿನ ಹಿಡಿಯನ್ನು ನೋಡಿದರು, ಆಮೇಲೆ ರಿಮೋಟಿನ ಮೇಲಿನ ಕರ್ಚೀಫನ್ನು ನೋಡಿದರು. ಆಮೇಲೆ ಮೆಲ್ಲಗೆ, "ಏನಮ್ಮಾ ಚೈತ್ರ, ನಿಮ್ಮಜ್ಜಿ ಇದರಲ್ಲಿ ಒಂದು ಕಡ್ಲೆಬೀಜಾನೂ ಕಡಿದಿಲ್ಲ. ಎಲ್ಲಾ ನುಂಗ್ತಾಳೆ" ಎಂದರು. ನಾನು ವಿವರಿಸಿದೆ. ರೇಷ್ಮೆ ಎಂದರೇನು, ದಿನಬಳಕೆಯ ಸಾಮಾನೇ ಎಂದು ಕೇಳಿದೆ. ಚೈತ್ರ ತಲೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳೋ ಅತ್ತಳೋ, ಎರಡೂ ಒಟ್ಟಿಗೇ ಬಂತು. ಹಲ್ಲಿನ ಅಡಿಯ ರೇಷ್ಮೆ ಏನನ್ನೂ ನುಂಗಿರಲಿಲ್ಲ, ನುಂಗಿದವಳು ನಾನು ಎಂದು ಗೊತ್ತಾಯಿತು.

ಆದರೆ ಅರ್ಧ ಗಂಟು ಬಿಚ್ಚಿದರೂ ಇನ್ನರ್ಧ ಹಾಗೇ ಉಳಿಯಿತು. ಮಧ್ಯಾಹ್ನದ ಬೆಟ್ಟದ ಸಾಲು ಎಲ್ಲಿಂದ ಬಂತು? ಸಾಮಾನು ಸರಿಯಿದ್ದರೆ ಅದು ಯಾಕೆ ಬರಬೇಕು? ಆಗ ಯಜಮಾನರು, ಅದು ಡಾಕ್ಟರು ಹೇಳಿಕೊಟ್ಟ ಎಕ್ಸರ್‌ಸೈಜು ಅಂದುಕೊಂಡಿದ್ದೆ ಎಂದು ಶುರುಮಾಡಿದರು. ದಿನಾ ಮಧ್ಯಾಹ್ನ ಮಲಗಿದ ಮೇಲೆ ನಾನು ಹಸುವಿನ ಹಾಗೆ ಮೆಲುಕು ಹಾಕುತ್ತೇನಂತೆ, ಮುಖದಲ್ಲಿ ಬಹಳ ಶಾಂತಿ ಇರುತ್ತದಂತೆ, ಎಬ್ಬಿಸಿದರೆ ಬೈಯುತ್ತೇನೆಂದು ಅವರು ಮಾತಾಡಲಿಲ್ಲವಂತೆ. ನನಗೆ ಕಿವಿಯವರೆಗೂ ಬಿಸಿಯಾಯಿತು. ಯಾರೂ ಇಲ್ಲವೆಂದುಕೊಂಡು ಸೀಬೆ ಮರ ಹತ್ತಿದ್ದೆ, ಕೆಳಗೆ ಇವರು ಪೇಪರು ಹಿಡಿದುಕೊಂಡು ಕೂತಿದ್ದರು.

ಚೈತ್ರನ ಕಣ್ಣು ಬೇರೆಯಾಯಿತು. ಅಜ್ಜಿ, ಈಗ ಮಲಗು ಎಂದಳು. ಹೇಳಿದ ತಕ್ಷಣ ನಿದ್ದೆ ಬರುವುದಕ್ಕೆ ನಾನೇನು ಕಂದಮ್ಮನೇ? ದಿನದ ಹಾಗೇ ಮುದ್ದೆ ನುಂಗಿಸಿದಳು, ಚಾಪೆ ಹಾಸಿದಳು, ಹಲ್ಲು ಹಾಕಿಕೊಳ್ಳುವಂತೆ ಹೇಳಿ, ಅದು ಲ್ಯಾಪ್‌ಟಾಪಿಗೆ ಆಗಿಂದಾಗಲೇ ವರದಿ ಕೊಡುವ ಹಾಗೆ ಏನೋ ಮಾಡಿದಳು. ಇಬ್ಬರೂ ಎರಡು ಕಡೆ ಕೂತು ನನ್ನ ಬಾಯನ್ನೇ ನೋಡತೊಡಗಿದರು. ಅಷ್ಟು ಜನ ನೋಡುವಾಗ ಯಾರಿಗೆ ನಿದ್ದೆ ಬರುತ್ತದೆ. ಒಂದು ಮಗ್ಗುಲು ತಿರುಗಿದೆ, ಇನ್ನೊಂದು ಮಗ್ಗುಲು ತಿರುಗಿದೆ. ಕೆಟ್ಟ ಯೋಚನೆಯೂ ಬಂತು: ಸುಮ್ಮನೆ ಕಣ್ಣು ಮುಚ್ಚಿ ಅಗಿದ ಹಾಗೆ ಮಾಡಿದರೆ ಮಗುವಿನ ಕೆಲಸ ಉಳಿಯುತ್ತದಲ್ಲ ಎಂದು. ಆದರೆ ಬಾಯಲ್ಲಿ ಇದ್ದದ್ದು ಅವಳ ಹಲ್ಲು, ಅದರಲ್ಲಿ ಸುಳ್ಳು ಅಗಿಯುವುದಕ್ಕೆ ಮನಸ್ಸಾಗಲಿಲ್ಲ. ಬಿಸಿಲುಕೋಲು ಗೋಡೆಗೆ ಬಂತು. ಯಜಮಾನರು ಮೊದಲು ಗೊರಕೆ ಹೊಡೆದರು. ಆ ಗೊರಕೆ ನನಗೆ ಜೋಗುಳ, ಇಷ್ಟು ವರ್ಷದ ರೂಢಿ. ಬಾವಿಯ ಕಟ್ಟೆ ಕಂಡಿತು, ಮರ ಕಂಡಿತು.

ಎದ್ದಾಗ ಚೈತ್ರ ನನ್ನ ಕೈ ಹಿಡಿದುಕೊಂಡಿದ್ದಳು. ಲ್ಯಾಪ್‌ಟಾಪಿನ ತುಂಬಾ ಬೆಟ್ಟಗಳು. ಎಡಗಡೆ ಎಷ್ಟು ಭಾರ, ಬಲಗಡೆ ಎಷ್ಟು, ಮುಂದಿನ ಹಲ್ಲಿನಲ್ಲಿ ಕಚ್ಚಿದ್ದು ಯಾವುದು, ಹಿಂದಕ್ಕೆ ತೆಗೆದುಕೊಂಡು ಅರೆದದ್ದು ಯಾವುದು, ಎಲ್ಲ ಅದರಲ್ಲಿದೆ ಎಂದಳು. ನಿಜವಾಗಿ ಅಗಿದರೆ ಗೆರೆ ಹೇಗಿರುತ್ತದೆ ನೋಡೋಣ ಎಂದು ಕಡ್ಲೆಕಾಯಿ ಹುರಿದು ಕೊಟ್ಟಳು. ನಾನು ದೇವರನ್ನು ನೆನೆದು, ಧಾರೆ ಸೀರೆಯನ್ನೂ ನೆನೆದು, ಮೊದಲ ಸಲ ಆ ಹಲ್ಲಿನಲ್ಲಿ ಕಡಿದೆ. ಒಸಡು ನೋಯಲಿಲ್ಲ. ಗೆರೆ ಎದ್ದು ನಿಂತಿತು. ಕನಸಿನ ಬೆಟ್ಟವೂ ಕಡ್ಲೆಕಾಯಿಯ ಬೆಟ್ಟವೂ ಅಕ್ಕತಂಗಿಯರ ಹಾಗಿದ್ದವು.

"ಒಂದೇ ವ್ಯತ್ಯಾಸ" ಎಂದಳು ಚೈತ್ರ. "ಕಡ್ಲೆಕಾಯಿನ ನೀನು ಗಬಗಬ ತಿಂದಿದ್ದೀಯ. ನಿದ್ದೇಲಿ ಅಗಿದಿದ್ದು ಮಾತ್ರ ಎಷ್ಟು ನಿಧಾನ ನೋಡು. ಯಾರೋ ಹೇಳ್ಕೊಟ್ಟ ಹಾಗಿದೆ."

ಆಗ ನಾನು ಅಮ್ಮನ ವಿಷಯ ಹೇಳಿದೆ. ಸೀಬೆ ಮರ, ಬಾವಿ, ಮೆಲ್ಲಗಾ ತಿನವೇ. ಅವಳು ತನ್ನ ಮುತ್ತಜ್ಜಿಯನ್ನು ನೋಡಿದವಳಲ್ಲ. ಬಹಳ ಹೊತ್ತು ಆ ಬೆಟ್ಟಗಳ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು, ನಾನು ಬಿಸಿನೀರಿನಲ್ಲಿ ಎಳೆಯ ತುದಿ ಹುಡುಕುತ್ತಿದ್ದ ಹಾಗೆ.

ಮುಂದಿನ ವಾರ ಎಲ್ಲರೂ ಕೂತಾಗ ಕಡ್ಲೆಕಾಯಿಯ ಗೆರೆ, ಕೋಡುಬಳೆಯ ಗೆರೆ, ಕೊಬ್ಬರಿಯ ಗೆರೆ ಎಲ್ಲವನ್ನೂ ತೋರಿಸಿದಳಂತೆ. ಮಲಗಿ ತಿಂದ ಸೀಬೆಯನ್ನೂ ಮುಚ್ಚಿಡದೆ ತೋರಿಸಿದಳಂತೆ. ಮೇಡಂ ಮೊದಲು ನಂಬಲಿಲ್ಲ, ಆಮೇಲೆ ನಿದ್ದೆಯಲ್ಲಿ ಹಲ್ಲು ಅರೆಯುವವರು ಬಹಳ ಜನ ಇದ್ದಾರೆ, ಆದರೆ ಇಷ್ಟು ಮರ್ಯಾದೆಯಾಗಿ ಊಟ ಮಾಡುವವರನ್ನು ಇಲ್ಲಿಯವರೆಗೆ ನೋಡಿಲ್ಲ ಎಂದು ನಕ್ಕರಂತೆ. ರೇಷ್ಮೆ ಉಳಿಯಿತು. ಇನ್ನು ಬೇರೆ ಊರಿನವರಿಗೆ ಕೊಡುವಾಗ, ಹಲ್ಲನ್ನು ಎತ್ತಿಡಬೇಡಿ, ಅದರಲ್ಲಿ ಅಗಿಯಿರಿ ಎಂದು ಬಿಡಿಸಿ ಹೇಳಬೇಕೆಂದು ತೀರ್ಮಾನವಾಯಿತಂತೆ. ವಿಜ್ಞಾನಕ್ಕೆ ನನ್ನಿಂದ ಆದ ಉಪಕಾರ ಅದು. ಬೀಗಿತ್ತಿಗೆ ಫೋನು ಮಾಡಿ ಅದನ್ನೂ ಹೇಳಿದೆ. ಅವರು, ತಮ್ಮದೂ ಒಂದು ಸಲ ಅಚ್ಚು ತೆಗೆಸಬೇಕು ಎಂದರು.

ಈಗ ನಾನು ಎಲ್ಲವನ್ನೂ ಅಗಿಯುತ್ತೇನೆ. ಹಲ್ಲಿನ ಮೇಲೆ ಸಣ್ಣ ಸಣ್ಣ ಗೀರು ಬಿದ್ದಿವೆ. ನೋಡಿದರೆ ಸ್ವಲ್ಪ ಸಂಕಟವಾಗುತ್ತದೆ, ಚೈತ್ರನಿಗೆ ಸಂತೋಷವಾಗುತ್ತದೆ. ಸೀಬೆಕಾಯಿಯನ್ನೂ ತಂದುಕೊಟ್ಟಳು. ಚೆನ್ನಾಗಿತ್ತು. ಆದರೆ ಒಂದು ತಾಪತ್ರಯ. ಎಚ್ಚರದಲ್ಲಿ ಹೊಟ್ಟೆ ತುಂಬಾ ಅಗಿದ ಮೇಲೆ ಮಧ್ಯಾಹ್ನ ಮಲಗಿದರೆ ಬರೀ ನಿದ್ದೆ ಬರುತ್ತದೆ. ಬಾವಿ ಇಲ್ಲ, ಮರ ಇಲ್ಲ. ಆ ಹೊತ್ತಿನ ಗೆರೆ ಈಗ ಕೆರೆಯ ನೀರಿನ ಹಾಗೆ ಸಪಾಟಾಗಿದೆಯಂತೆ, ಎಲ್ಲ ಸರಿಹೋಯಿತು ಅಜ್ಜಿ ಎಂದು ಚೈತ್ರ ಫೋನಿನಲ್ಲಿ ಕುಣಿದಳು. ನಾನೂ ಹೌದಮ್ಮ ಎಂದೆ.

ಇವತ್ತು ಮಧ್ಯಾಹ್ನ ಯಜಮಾನರಿಗೆ ಕೋಡುಬಳೆ ಬಡಿಸಿ, ನಾನು ಮಾತ್ರ ಒಂದು ಮುದ್ದೆಯನ್ನು ಹಲ್ಲಿಗೆ ಸೋಕದ ಹಾಗೆ ಮೆಲ್ಲಗೆ ನುಂಗಿ, ಚಾಪೆ ಹಾಸಿಕೊಂಡಿದ್ದೇನೆ. ಬಿಸಿಲುಕೋಲು ಗೋಡೆಗೆ ಬರುವ ಹೊತ್ತಾಯಿತು. ಮೊಮ್ಮಗಳಿಗೆ ನಾನಾಗಿ ಏನೂ ಹೇಳುವುದಿಲ್ಲ. ರಾತ್ರಿ ಡಬ್ಬಿಗೆ ಹೋದ ಮೇಲೆ ಹೇಗೂ ಹಲ್ಲೇ ಹೇಳಿಬಿಡುತ್ತದೆ.